ಕೈಗೆ ಸಿಗುವ ಸದ್ದು

ಜಾತ್ರೆಯಲ್ಲಿ ದೇವರು ಹೊರಡುವುದಕ್ಕೆ ಮುಂಚೆ ತಮಟೆಯವರು ಒಂದು ಮೂಲೆ ಹಿಡಿದು, ಹುಲ್ಲೋ ಹಳೇ ರಟ್ಟೋ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ತಮಟೆಯ ಮುಖವನ್ನು ಉರಿಯ ಕಡೆಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ಆಗಾಗ ಬೆರಳಿನಿಂದ ತಟ್ಟಿ ಕಿವಿ ಕೊಡುತ್ತಾರೆ. ಮೊದಲು ‘ದಬ್’ ಎನ್ನುತ್ತಿದ್ದ ಚರ್ಮ ಸ್ವಲ್ಪ ಹೊತ್ತಿನಲ್ಲಿ ‘ಟಣ್’ ಎನ್ನತೊಡಗುತ್ತದೆ. ಅಷ್ಟಾಯಿತೆಂದರೆ ಬೆಂಕಿ ಬಿಟ್ಟು ಏಳುತ್ತಾರೆ. ಮಳೆಗಾಲದಲ್ಲಿ ಮೆರವಣಿಗೆಯ ನಡುವೆಯೂ ಮತ್ತೆ ಕಾಯಿಸಬೇಕಾಗುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಮಗುವೂ ಇದನ್ನು ನೋಡದೆ ಬೆಳೆದಿರಲಾರದು. ತುಮಕೂರು ಕಂದಾಯ ಜಿಲ್ಲೆಯೊಳಗೇ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂದು ಬೇರೆ ಮಾಡಿದ್ದಾರೆ. ಇಲ್ಲಿನ ಶಾಲೆಗಳಲ್ಲೂ ಒಂಬತ್ತನೇ ತರಗತಿಗೆ ಬಂದರೆ ಶಬ್ದದ ಪಾಠ ಇದ್ದೇ ಇದೆ. ಆವೃತ್ತಿ, ತರಂಗದೂರ, ಪ್ರತಿಧ್ವನಿ ಎಲ್ಲವೂ ಪುಸ್ತಕದಲ್ಲಿ ಬರುತ್ತವೆ. ಆದರೆ ಪುಸ್ತಕದ ಶಬ್ದಕ್ಕೂ ಬೆಂಕಿಯ ಪಕ್ಕದ ತಮಟೆಗೂ ನಂಟು ಹಾಕುವವರು ಕಡಿಮೆ.

ನಂಟು ಇಷ್ಟೇ: ಚರ್ಮ ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗಿರುತ್ತದೆ. ಕಾವು ತಾಕಿದಾಗ ತೇವ ಆರಿ ಚರ್ಮ ಬಿಗಿಯುತ್ತದೆ. ಬಿಗಿದ ಚರ್ಮವನ್ನು ಒತ್ತಿದರೆ ಬೇಗ ಹಿಂದಕ್ಕೆ ಬರುತ್ತದೆ, ಆದ್ದರಿಂದ ಸೆಕೆಂಡಿಗೆ ಹೆಚ್ಚು ಸಲ ಕಂಪಿಸುತ್ತದೆ, ಸ್ವರ ಏರುತ್ತದೆ. ಲೆಕ್ಕ ಮಾತ್ರ ನಾವು ಅಂದುಕೊಂಡ ಹಾಗಿಲ್ಲ. ಬಿಗಿತ ಎರಡು ಪಟ್ಟಾದರೆ ಆವೃತ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾದರೆ ಆಗುತ್ತದೆ. ಇದನ್ನು ತಮಟೆಯಲ್ಲಿ ಕಂಡುಹಿಡಿಯುತ್ತೇನೆಂದು ಹೊರಟರೆ ಸೋಲು ಖಂಡಿತ. ಚರ್ಮದ ದಪ್ಪ, ತೇವ, ಬಳೆಯ ಅಗಲ, ಏಟು ಬಿದ್ದ ಜಾಗ, ಕಡ್ಡಿಯ ತೂಕ ಎಲ್ಲವೂ ಒಟ್ಟಿಗೇ ಮಾತಾಡುತ್ತವೆ.

ವಿಜ್ಞಾನ ಮ್ಯೂಸಿಯಮ್ಮಿನ ಮಾದರಿ ಮಾಡುವ ಕೆಲಸ ಈ ಗೋಜಲನ್ನು ಬಿಡಿಸುವುದು. ಒಂದೇ ಉದ್ದದ ಎರಡು ತಂತಿ; ಒಂದಕ್ಕೆ ಒಂದು ಕೆ.ಜಿ. ತೂಕ ಇಳಿಬಿಟ್ಟಿದ್ದಾರೆ, ಇನ್ನೊಂದಕ್ಕೆ ನಾಲ್ಕು. ಮೀಟಿ ನೋಡಿ: ಎರಡನೆಯದು ಮೊದಲನೆಯದರ ಮೇಲಿನ ಷಡ್ಜ. ಬೇರೆಲ್ಲವೂ ಒಂದೇ, ತೂಕವೊಂದೇ ಬೇರೆ. ಒಳ್ಳೆಯ ಮಾದರಿಯ ಲಕ್ಷಣ ನನ್ನ ಲೆಕ್ಕದಲ್ಲಿ ಇದು: ಲೋಕದಲ್ಲಿ ಹೆಣೆದುಕೊಂಡಿರುವ ಹತ್ತು ಕಾರಣಗಳಲ್ಲಿ ಒಂಬತ್ತನ್ನು ಕಟ್ಟಿಹಾಕಿ, ಒಂದನ್ನು ಮಾತ್ರ ನೋಡುವವನ ಕೈಗೆ ಕೊಡಬೇಕು. ಗುಂಡಿ ಒತ್ತಿದರೆ ಲೈಟು ಹತ್ತಿ ಯಾರೋ ರೆಕಾರ್ಡ್ ಮಾಡಿದ ವಿವರಣೆ ಓದುವ ಪೆಟ್ಟಿಗೆಗಳನ್ನು ನಾನು ಮಾದರಿ ಎಂದು ಒಪ್ಪುವುದಿಲ್ಲ. ಅವು ಗೋಡೆಗೆ ನೇತುಹಾಕಿದ ಪಠ್ಯಪುಸ್ತಕ.

ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಹತ್ತಿರದ ದೊಡ್ಡ ವಿಜ್ಞಾನ ಮ್ಯೂಸಿಯಂ ಎಂದರೆ ಬೆಂಗಳೂರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರ ಜುಲೈನಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ ಅದು. ಡಿಸೆಂಬರ್ ಬಂತೆಂದರೆ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಕಬ್ಬನ್ ಪಾರ್ಕಿನ ಪಕ್ಕ ಸಾಲುಗಟ್ಟುತ್ತವೆ. ಬೆಳಗಿನ ಜಾವ ಪಾವಗಡ ಬಿಟ್ಟವರು ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡು, ಲಾಲ್‌ಬಾಗ್ ಮುಗಿಸಿ, ಮ್ಯೂಸಿಯಂಗೆ ಒಂದೂವರೆ ಗಂಟೆ ಕೊಟ್ಟರೆ ಹೆಚ್ಚು. ಮ್ಯೂಸಿಯಮ್ಮೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂದು ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸುಗಳನ್ನೂ ಓಡಿಸುತ್ತಾರೆ. ಬಸ್ಸಿನ ಮೈಗೇ ಮಾದರಿಗಳನ್ನು ಅಳವಡಿಸಿ ಹಳ್ಳಿ ಶಾಲೆಯ ಮೈದಾನದಲ್ಲಿ ನಿಲ್ಲಿಸುವ ಏರ್ಪಾಡು. ಭಾರತದಲ್ಲಿ ಇದು 1960ರ ದಶಕದಷ್ಟು ಹಳೆಯದು.

ಶಬ್ದವನ್ನು ಪ್ರದರ್ಶನಕ್ಕಿಡುವುದರಲ್ಲಿ ಒಂದು ತೊಡಕಿದೆ. ಬೆಳಕಿನ ಮಾದರಿಗೆ ಪರದೆ ಎಳೆದರೆ ಮುಗಿಯಿತು. ಸದ್ದಿಗೆ ಪರದೆ ಇಲ್ಲ. ಒಬ್ಬ ಗಂಟೆ ಬಾರಿಸಿದರೆ ಪಕ್ಕದಲ್ಲಿ ಪಿಸುಮಾತು ಕೇಳುತ್ತಿರುವವನ ಪ್ರಯೋಗ ಕೆಟ್ಟಿತು. ಇನ್ನೂರು ಮಕ್ಕಳು ಕೂಗಾಡುವ ಹಾಲಿನಲ್ಲಿ ಎರಡು ಸ್ವರಗಳ ನಡುವಿನ ಸಣ್ಣ ವ್ಯತ್ಯಾಸ ಕೇಳಿಸಬೇಕಾದರೆ ತಪಸ್ಸೇ ಮಾಡಬೇಕು. ಅದಕ್ಕೇ ಹಲವು ವಿಜ್ಞಾನ ಕೇಂದ್ರಗಳು ಶಬ್ದದ ಮಾದರಿಗಳನ್ನು ಹೊರಗಿನ ಅಂಗಳಕ್ಕೆ ತಳ್ಳಿವೆ. ಅದು ಒಳ್ಳೆಯದೇ ಆಯಿತು.

ಅಂಗಳದಲ್ಲಿ ಸಾಮಾನ್ಯವಾಗಿ ಕಾಣುವುದು ಸುರುಳಿ ಸುತ್ತಿದ ಉದ್ದನೆಯ ಕೊಳವೆ. ಒಂದು ಬಾಯಿಗೆ ಮುಖವಿಟ್ಟು ‘ಹೋ’ ಎಂದರೆ ಕ್ಷಣ ತಡೆದು ‘ಹೋ’ ಎಂದು ತಿರುಗಿ ಬರುತ್ತದೆ. ಕೊಳವೆ 34 ಮೀಟರ್ ಇದ್ದರೆ ಸದ್ದು ಹೋಗಿ ಬರುವ ದಾರಿ 68 ಮೀಟರ್, ಹಿಡಿಯುವ ಕಾಲ ಸೆಕೆಂಡಿನ ಐದನೇ ಒಂದು ಭಾಗ. ಮಕ್ಕಳು ನಗುತ್ತಾರೆ, ಸರದಿಗೆ ಜಗಳವಾಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅಪರೂಪಕ್ಕೆ ಒಬ್ಬಳು ಕೊಳವೆಯ ಇನ್ನೊಂದು ತುದಿಯನ್ನು ಹುಡುಕಿಕೊಂಡು ಹೋಗುತ್ತಾಳೆ. ಅಲ್ಲಿ ಗೋಡೆ ಇಲ್ಲ, ಮುಚ್ಚಳ ಇಲ್ಲ, ಬರೀ ತೆರೆದ ಬಾಯಿ. “ಸಾರ್, ಮುಂದೆ ಏನೂ ಇಲ್ಲ, ಮತ್ತೆ ವಾಪಸ್ ಹೆಂಗೆ ಬರುತ್ತೆ?”

ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಮೇಷ್ಟ್ರು ಸಿಕ್ಕರೆ ಪ್ರವಾಸದ ದುಡ್ಡು ವಸೂಲಿ. ಪ್ರತಿಧ್ವನಿ ಎಂದರೆ ಗೋಡೆಗೆ ಬಡಿದು ಬರುವುದು ಎಂದೇ ನಾವೆಲ್ಲ ಕಲಿತಿರುತ್ತೇವೆ. ನಿಜವಾಗಿ, ದಾರಿ ಥಟ್ಟನೆ ಬದಲಾದ ಕಡೆಯಲ್ಲೆಲ್ಲ ಅಲೆ ಸ್ವಲ್ಪವಾದರೂ ಹಿಂದಿರುಗುತ್ತದೆ. ಮುಚ್ಚಿಕೊಂಡಾಗ ಮಾತ್ರವಲ್ಲ, ತೆರೆದುಕೊಂಡಾಗಲೂ. ಸರ್ಕಾರಿ ಬಸ್ಸಿನ ಬಾಗಿಲಲ್ಲಿ ನೂಕಿಕೊಂಡು ಇಳಿಯುವವರನ್ನು ನೆನೆಸಿಕೊಳ್ಳಿ. ಒಳಗಿರುವಷ್ಟು ಹೊತ್ತು ಒಬ್ಬರ ಬೆನ್ನಿಗೊಬ್ಬರು ಒತ್ತು ಕೊಟ್ಟಿರುತ್ತಾರೆ. ಬಾಗಿಲು ದಾಟಿದವನಿಗೆ ಮುಂದೆ ತಡೆಯುವವರಿಲ್ಲ, ಮುಗ್ಗರಿಸಿ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚೇ ಹೋಗುತ್ತಾನೆ. ಅವನ ಹಿಂದೆ ಜಾಗ ಖಾಲಿಯಾಗುತ್ತದೆ, ಆ ಖಾಲಿಗೆ ಹಿಂದಿನವನು ನುಗ್ಗುತ್ತಾನೆ, ಅವನ ಹಿಂದೆ ಮತ್ತೆ ಖಾಲಿ. ಜನ ಮುಂದಕ್ಕೆ ಹೋಗುತ್ತಿದ್ದರೂ ‘ಖಾಲಿ’ ಎಂಬುದು ಬಸ್ಸಿನ ಹಿಂಭಾಗದ ಕಡೆಗೆ ಸಾಗುತ್ತದೆ. ಕೊಳವೆಯ ಬಾಯಲ್ಲಿ ಗಾಳಿಯೂ ಹೀಗೇ ಮುಗ್ಗರಿಸುತ್ತದೆ. ಒತ್ತಡವಾಗಿ ಹೋದ ಅಲೆ ಒತ್ತಡದ ಕೊರತೆಯಾಗಿ ಹಿಂದಿರುಗುತ್ತದೆ. ನಮ್ಮ ಕಿವಿಗೆ ಎರಡೂ ‘ಹೋ’ ಎಂದೇ ಕೇಳುತ್ತವೆ.

ತೆರೆದ ತುದಿಯಿಂದ ಸದ್ದು ಹೀಗೆ ಹಿಂದಿರುಗದಿದ್ದರೆ ಕೊಳಲು ಎಂಬ ವಾದ್ಯವೇ ಇರುತ್ತಿರಲಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರ ಗಣೆಯನ್ನು ನೋಡಿ. ಆ ಸಮುದಾಯದ ವೀರ ಜುಂಜಪ್ಪನ ಕಾವ್ಯ ಹಾಡುವವರು ಊದುವ ಉದ್ದನೆಯ ಬಿದಿರು ಅದು. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯ ಕಡೆಯವರಿಗೆ ಪರಿಚಯ ಹೇಳಬೇಕಾಗಿಲ್ಲ. ಕಛೇರಿಯ ಕೊಳಲಿನ ಚುರುಕು ಅದರಲ್ಲಿಲ್ಲ, ತಗ್ಗಿನ, ಗಾಳಿ ಬೆರೆತ ದನಿ. ಎರಡೂ ಕಡೆ ತೆರೆದ ಒಂದು ಮೀಟರ್ ಕೊಳವೆಯಲ್ಲಿ ಅಲೆ ಹೋಗಿ ಬರಲು ಎರಡು ಮೀಟರ್ ಓಡಬೇಕು. ಸೆಕೆಂಡಿಗೆ 340 ಮೀಟರ್ ಓಡುವ ಸದ್ದು ಆ ಕೆಲಸವನ್ನು 170 ಸಲ ಮಾಡುತ್ತದೆ, ಎಂದರೆ 170 ಹರ್ಟ್ಸ್. ಗಂಡಸಿನ ಮಾತಿನ ದನಿ ಇರುವುದು ಹೆಚ್ಚುಕಡಿಮೆ ಅದೇ ಹಾಸಿನಲ್ಲಿ, ಇನ್ನೊಂದಿಷ್ಟು ಕೆಳಗೆ. ಹಾಡುಗಾರನ ದನಿಯ ಜೊತೆಗೇ ಸಾಗುವ ವಾದ್ಯ ಬೇಕೆಂದರೆ ಬಿದಿರು ಉದ್ದ ಇರಲೇಬೇಕು, ಮೊಳದುದ್ದದ್ದು ಸಾಲದು.

ಇಲ್ಲಿ ಪೈಪಿಗೇನೂ ಬರವಿಲ್ಲ. ನೀರಿಗೆ ಬರ ಬಂದಷ್ಟೂ ಪೈಪು ಹೆಚ್ಚಿದ ತಾಲ್ಲೂಕುಗಳಿವು. ಯಾವ ತೋಟದ ಮೂಲೆಯಲ್ಲಾದರೂ ಕೊಳವೆಬಾವಿಯಿಂದ ಉಳಿದ ಪಿವಿಸಿ ತುಂಡುಗಳು ಬಿದ್ದಿರುತ್ತವೆ. ಎರಡು ಇಂಚಿನ ಪೈಪು, ಗರಗಸದ ಬ್ಲೇಡು, ಅಳತೆಪಟ್ಟಿ, ಒಂದು ಹವಾಯಿ ಚಪ್ಪಲಿ ಇದ್ದರೆ ಮ್ಯೂಸಿಯಮ್ಮಿನದಕ್ಕೆ ಸರಿಸಾಟಿಯಾದ ಮಾದರಿಯನ್ನು ಶಾಲೆಯಲ್ಲೇ ಮಾಡಬಹುದು. ಸಪ್ತಸ್ವರಗಳ ಆವೃತ್ತಿಗಳು ಸರಳ ಭಿನ್ನರಾಶಿಗಳಲ್ಲಿವೆ. ಪಂಚಮ ಷಡ್ಜದ ಒಂದೂವರೆ ಪಟ್ಟು, ಮಧ್ಯಮ ಮೂರನೇ ನಾಲ್ಕು ಪಟ್ಟು, ಹೀಗೆ. ಉದ್ದ ಇದಕ್ಕೆ ತಿರುಗುಮುರುಗು. ಷಡ್ಜಕ್ಕೆ 60 ಸೆಂ.ಮೀ. ಇಟ್ಟುಕೊಂಡರೆ ರಿಷಭಕ್ಕೆ 53.3, ಗಾಂಧಾರಕ್ಕೆ 48, ಮಧ್ಯಮಕ್ಕೆ 45, ಪಂಚಮಕ್ಕೆ 40, ಧೈವತಕ್ಕೆ 36, ನಿಷಾದಕ್ಕೆ 32, ಮೇಲಿನ ಷಡ್ಜಕ್ಕೆ 30. ಸಂಗೀತ ಬರದ ಲೆಕ್ಕದ ಮೇಷ್ಟ್ರೂ ಶಂಕರಾಭರಣದ ಸ್ವರಗಳನ್ನು ಗರಗಸದಲ್ಲಿ ಕೊಯ್ದು ಕೊಡಬಹುದು.

ಆದರೆ ಈ ಅಳತೆಗೆ ಕೊಯ್ದು ಚಪ್ಪಲಿಯಿಂದ ಬಾಯಿಗೆ ಬಡಿದರೆ ಕೇಳುವುದು ಅಪಸ್ವರ! ಕೆಳಗಿನ ಸ್ವರಗಳು ಪರವಾಗಿಲ್ಲ ಎನ್ನಿಸಿದರೂ ಮೇಲಕ್ಕೆ ಹೋದಂತೆ ತಗ್ಗು ಎದ್ದು ಕಾಣುತ್ತದೆ. ತಪ್ಪು ಲೆಕ್ಕದಲ್ಲಿಲ್ಲ, ಪೈಪು ಎಲ್ಲಿ ಮುಗಿಯುತ್ತದೆ ಎಂಬ ನಮ್ಮ ತಿಳಿವಳಿಕೆಯಲ್ಲಿದೆ. ಗಾಳಿ ಬಾಯಿ ದಾಟಿ ಮುಗ್ಗರಿಸುತ್ತದೆ ಎಂದೆವಲ್ಲ, ಹಾಗೆ ಮುಗ್ಗರಿಸುವ ದೂರವೂ ಪೈಪಿನ ಉದ್ದಕ್ಕೇ ಸೇರಿತು. ಅದು ಪ್ರತಿ ತುದಿಯಲ್ಲೂ ಪೈಪಿನ ತ್ರಿಜ್ಯದ ಸುಮಾರು 0.6ರಷ್ಟು. ಎರಡು ಇಂಚಿನ ಪೈಪಿಗೆ ಎರಡೂ ತುದಿ ಸೇರಿ 3 ಸೆಂ.ಮೀ. 60ರ ಪೈಪು ಸದ್ದಿನ ಪಾಲಿಗೆ 63, 30ರದ್ದು 33. ಸರಿಯಾಗಿ ಎರಡು ಪಟ್ಟು ಇರಬೇಕಾದ ಮೇಲಿನ ಷಡ್ಜ 1.91 ಪಟ್ಟು ಮಾತ್ರ ಆಗುತ್ತದೆ. ಮುಕ್ಕಾಲು ಸ್ವರಸ್ಥಾನಕ್ಕೂ ಮಿಗಿಲಾದ ಈ ತಗ್ಗನ್ನು ಭಜನೆ ಮಂಡಳಿಯ ಹಾರ್ಮೋನಿಯಂನವರು ಕಣ್ಣುಮುಚ್ಚಿ ಹಿಡಿಯುತ್ತಾರೆ. ಎಲ್ಲ ಅಳತೆಯಿಂದಲೂ 3 ಸೆಂ.ಮೀ. ಕಳೆದು ಕೊಯ್ಯಿರಿ, ಸ್ವರ ಕೂರುತ್ತದೆ. ಬಡಿದ ಚಪ್ಪಲಿಯನ್ನು ತಕ್ಷಣ ಎತ್ತಬೇಕು ಎಂಬುದೂ ಮುಖ್ಯ. ಬಾಯಿಗೇ ಒತ್ತಿಟ್ಟರೆ ಪೈಪು ಒಂದು ಕಡೆ ಮುಚ್ಚಿದ್ದಾಗುತ್ತದೆ, ಸ್ವರ ಸುಮಾರು ಒಂದು ಸ್ಥಾಯಿ ಕೆಳಕ್ಕೆ ಇಳಿಯುತ್ತದೆ. ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಐದು ನಿಮಿಷದಲ್ಲಿ ಕಂಡುಕೊಂಡು ಎರಡೂ ರೀತಿ ಬಾರಿಸತೊಡಗುತ್ತಾರೆ.

ಮತ್ತೆ ಮ್ಯೂಸಿಯಮ್ಮಿಗೆ ಬಂದರೆ, ಗಾಜಿನ ಗುಮ್ಮಟದೊಳಗೆ ಗಂಟೆ ಇಟ್ಟು ಗಾಳಿ ಎಳೆಯುವ ಪ್ರಯೋಗ ಎಲ್ಲ ಕಡೆ ಇರುತ್ತದೆ. 1660ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ್ದು. ಗಾಳಿ ಹೋದಂತೆ ಸದ್ದು ಕುಗ್ಗುತ್ತದೆ, ನಿಜ. ಆದರೆ ಶಾಲೆಯ ಪಂಪು ಎಳೆದ ಮೇಲೂ ಒಳಗೆ ಸದ್ದು ಸಾಗುವಷ್ಟು ಗಾಳಿ ಉಳಿದೇ ಇರುತ್ತದೆ. ಆ ತೆಳು ಗಾಳಿಯನ್ನು ಗಂಟೆ ಸರಿಯಾಗಿ ತಳ್ಳಲಾರದು, ತೆಳು ಗಾಳಿ ಗಾಜನ್ನು ತಳ್ಳಲಾರದು, ಸದ್ದು ಕುಗ್ಗುವುದು ಮುಖ್ಯವಾಗಿ ಇದರಿಂದ. ನಿರ್ವಾತದಲ್ಲಿ ಶಬ್ದವಿಲ್ಲ ಎಂಬುದು ಸತ್ಯವೇ, ಈ ಪೆಟ್ಟಿಗೆ ಅದಕ್ಕೆ ಅರ್ಧ ಸಾಕ್ಷಿ ಮಾತ್ರ.

ಪಿಸುಮಾತಿನ ತಟ್ಟೆಗಳ ಕಥೆ ಇದಕ್ಕಿಂತ ಸೊಗಸು. ಅಂಗಳದ ಆ ತುದಿಗೊಂದು ಈ ತುದಿಗೊಂದು, ಆಳೆತ್ತರದ ಎರಡು ಬೋಗುಣಿಗಳನ್ನು ಎದುರುಬದುರು ನಿಲ್ಲಿಸಿರುತ್ತಾರೆ. ಒಂದರ ನಾಭಿಯಲ್ಲಿ, ಎಂದರೆ ಪುಟಿದ ಅಲೆಗಳು ಕೂಡುವ ಬಿಂದುವಿನಲ್ಲಿ, ಬಾಯಿಟ್ಟು ಪಿಸುಗುಟ್ಟಿದರೆ ಇನ್ನೊಂದರ ನಾಭಿಯಲ್ಲಿ ಕಿವಿಯಿಟ್ಟವರಿಗೆ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳುತ್ತದೆ; ನಡುವೆ ನಿಂತವರಿಗೆ ಏನೂ ಇಲ್ಲ. ಇಲ್ಲಿ ಕೂಗುವುದಕ್ಕಿಂತ ಪಿಸುಗುಟ್ಟುವುದೇ ಲೇಸು. ತನಗಿಂತ ಬಹಳ ಚಿಕ್ಕದಾದ ಅಲೆಯನ್ನು ಮಾತ್ರ ಬೋಗುಣಿ ಚೆನ್ನಾಗಿ ಕೂಡಿಸಬಲ್ಲದು. 170 ಹರ್ಟ್ಸಿನ ದಪ್ಪ ದನಿಯ ಅಲೆ ಎರಡು ಮೀಟರ್ ಉದ್ದ, ಬೋಗುಣಿಯನ್ನು ಬಳಸಿಕೊಂಡು ಹರಡಿಹೋಗುತ್ತದೆ. ಪಿಸುಮಾತಿನಲ್ಲಿ ತುಂಬಿರುವ ‘ಸ’, ‘ಶ’ಗಳ ಅಲೆ ಹತ್ತು ಸೆಂಟಿಮೀಟರಿನ ಒಳಗಿನದು, ಶಿಸ್ತಾಗಿ ಪುಟಿದು ಹೋಗುತ್ತದೆ.

ಇದನ್ನು ನೋಡಿದವರೆಲ್ಲ ವಿಜಯಪುರದ ಗೋಳಗುಮ್ಮಟವನ್ನು ನೆನೆಯುತ್ತಾರೆ. ಶಿರಾದವರಿಗೆ ಆ ಗುಮ್ಮಟ ದೂರದ ನೆಂಟ. ಅದು ಮುಹಮ್ಮದ್ ಆದಿಲ್ ಶಾಹನ ಗೋರಿ. 1627ರಿಂದ 1656ರವರೆಗೆ ಆಳಿದ ಅವನ ಕಾಲದಲ್ಲೇ ಶಿರಾ ಬಿಜಾಪುರದ ಕೈಗೆ ಬಂದದ್ದು. ಊರಿನಲ್ಲಿ ದರ್ಗಾ ಇರುವ ಮಲಿಕ್ ರಿಹಾನ್ ಅವನ ಅಧಿಕಾರಿ. ಆದರೆ ಗುಮ್ಮಟದಲ್ಲಿ ನಡೆಯುವುದು ಬೋಗುಣಿಯಲ್ಲಿ ನಡೆದದ್ದೇ ಅಲ್ಲ. ಒಳಗಿನ ಸುತ್ತುಮೊಗಸಾಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಕೊಟ್ಟವರಿಗೆ ಕೇಳುತ್ತದೆ. ಸದ್ದು ನಡುವೆ ಹಾರಿ ಹೋಗುವುದಕ್ಕಿಂತ ಬಾಗಿದ ಗೋಡೆಯನ್ನೇ ತಬ್ಬಿಕೊಂಡು ತೆವಳುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟಕ್ಕೆ ಈ ವಿವರಣೆ ಕೊಟ್ಟವರು ಲಾರ್ಡ್ ರ‍್ಯಾಲೆ. 1921ರಲ್ಲಿ ಲಂಡನ್ನಿಗೆ ಹೋಗಿದ್ದ ಸಿ.ವಿ. ರಾಮನ್ ಅಲ್ಲಿಯೇ ಅದನ್ನು ಪರೀಕ್ಷಿಸಿದರು, ಗೋಡೆಯಿಂದ ದೂರ ಸರಿದಂತೆ ಸದ್ದು ಒಂದೇ ಸಮ ಕುಗ್ಗದೆ ಏರಿಳಿಯುವುದನ್ನು ಗಮನಿಸಿದರು. ತಿರುಗಿ ಬಂದವರು ಗೋಳಗುಮ್ಮಟ, ಪಟ್ನಾದ ಗೋಲ್‌ಘರ್, ಕಲ್ಕತ್ತದ ವಿಕ್ಟೋರಿಯಾ ಸ್ಮಾರಕಗಳ ಬಗ್ಗೆಯೂ ಬರೆದರು. ಬೆಳಕಿನ ಕೆಲಸಕ್ಕೆ ನೊಬೆಲ್ ಪಡೆದ ಮನುಷ್ಯ ಅದಕ್ಕೆ ಮುಂಚೆ ಹೆಚ್ಚು ವರ್ಷ ಕಿವಿಗೊಟ್ಟದ್ದು ಶಬ್ದಕ್ಕೆ, ಅದರಲ್ಲೂ ವಾದ್ಯಗಳಿಗೆ.

ಚರ್ಮವಾದ್ಯದ ಬಗ್ಗೆ ಅವರ ಕೆಲಸವನ್ನು ನಮ್ಮ ಮ್ಯೂಸಿಯಮ್ಮುಗಳು ಯಾಕೆ ದೊಡ್ಡದಾಗಿ ತೋರಿಸುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ. ತಂತಿಯ ಮೇಲಿನ ಸ್ವರಗಳು ಒಂದು, ಎರಡು, ಮೂರು, ನಾಲ್ಕು ಪಟ್ಟು ಎಂದು ಸಾಲಾಗಿ ನಿಲ್ಲುತ್ತವೆ, ಕಿವಿಗೆ ಒಂದೇ ಶ್ರುತಿಯಾಗಿ ಕೂಡಿಕೊಳ್ಳುತ್ತವೆ. ಸಾದಾ ಚರ್ಮಕ್ಕೆ ಆ ಶಿಸ್ತಿಲ್ಲ. ಅದರ ಸಾಲು 1, 1.59, 2.14, 2.30, 2.65 ಎಂದು ಅಡ್ಡಾದಿಡ್ಡಿ. ತಮಟೆಗೆ ಏರಿಳಿತ ಇದ್ದರೂ ‘ಇದು ಷಡ್ಜ’ ಎಂದು ಬೆರಳಿಟ್ಟು ತೋರಿಸಲಾಗದಿರುವುದು ಅದಕ್ಕೆ. ಮೃದಂಗದ ಬಲಮುಖದ ನಡುವೆ ಕಪ್ಪು ಕರಣೆ ಹಚ್ಚುತ್ತಾರಲ್ಲ, ಅದು ನಡುವಿನ ತೂಕ ಹೆಚ್ಚಿಸಿ ಈ ಅಡ್ಡಾದಿಡ್ಡಿ ಸಾಲನ್ನು ಎಳೆದು ತಂದು 1, 2, 3, 4, 5ಕ್ಕೆ ಕೂರಿಸುತ್ತದೆ. ರಾಮನ್ ಮತ್ತು ಶಿವಕಾಳಿ ಕುಮಾರ್ ಇದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೇಳಿದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ರಾಮನ್ ಚರ್ಮದ ಮೇಲೆ ಮರಳು ಉದುರಿಸಿ ತೆಗೆದ ಚಿತ್ರಗಳೊಂದಿಗೆ ವಿವರವಾಗಿ ಬರೆದರು. ಒಂಬತ್ತು ಬಗೆಯ ಕಂಪನಗಳು ಐದೇ ಶ್ರುತಿಗಳಲ್ಲಿ ಸೇರಿಕೊಳ್ಳುತ್ತವೆ ಎಂಬುದು ಅವರು ಕಂಡದ್ದು. ಕರಣೆಯನ್ನು ಪದರ ಪದರವಾಗಿ ಹಚ್ಚಿ, ಉಜ್ಜಿ, ಕೇಳಿ, ಮತ್ತೆ ಹಚ್ಚುವ ಕುಶಲಿಗಳು ಗಣಿತವಿಲ್ಲದೆ ಇದನ್ನು ಸಾಧಿಸಿದ್ದರು.

ಮರಳಿನ ಚಿತ್ರಗಳಿಗೆ ಹೆಸರಾದವನು ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ. 1787ರಲ್ಲಿ ಪುಸ್ತಕ ಬರೆದ. 1809ರಲ್ಲಿ ನೆಪೋಲಿಯನ್ ಮುಂದೆ ಹಿತ್ತಾಳೆ ತಗಡಿನ ಅಂಚಿಗೆ ಕಮಾನು ಎಳೆದು ಮರಳನ್ನು ರಂಗೋಲಿ ಮಾಡಿ ತೋರಿಸಿದ. ಆ ರಂಗೋಲಿಗೆ ಗಣಿತ ಕೊಟ್ಟವರಿಗೆ ಬಹುಮಾನ ಎಂದು ಸಾರಿದರು, ಹೆಣ್ಣೆಂಬ ಕಾರಣಕ್ಕೆ ಕಾಲೇಜಿನ ಬಾಗಿಲು ಕಾಣದ ಸೋಫಿ ಜರ್ಮೇನ್ ಮೂರನೇ ಯತ್ನದಲ್ಲಿ, 1816ರಲ್ಲಿ, ಅದನ್ನು ಗೆದ್ದಳು. ಈ ರಂಗೋಲಿ ಮಾಡಲು ಹಿತ್ತಾಳೆ ತಗಡು ಬೇಕಿಲ್ಲ. ಎರಡೂ ಕಡೆ ತೆರೆದ ಡಬ್ಬಿಯ ಒಂದು ಬಾಯಿಗೆ ಬಲೂನು ಬಿಗಿದು, ಅದರ ಮೇಲೆ ಚಿರೋಟಿ ರವೆ ಉದುರಿಸಿ, ಇನ್ನೊಂದು ಬಾಯಿಗೆ ಹಳೇ ಸ್ಪೀಕರ್ ಹಚ್ಚಿ ಫೋನಿನಿಂದ ಸ್ವರ ಏರಿಸುತ್ತಾ ಹೋಗಿ. ಎಲ್ಲೋ ಒಂದು ಸ್ವರಕ್ಕೆ ರವೆ ಕುಣಿದು ಗೆರೆಗಟ್ಟುತ್ತದೆ. ಬಲೂನು ಅಲುಗದ ಜಾಗವೇ ಆ ಗೆರೆ. ಈಗ ರವೆಯ ಜೊತೆಗೆ ಚಿಟಿಕೆ ಮುಖದ ಪೌಡರ್ ಉದುರಿಸಿ. ರವೆ ಅಲುಗದ ಗೆರೆಗೆ ಹೋಗಿ ಕೂತರೆ ಪೌಡರ್ ತದ್ವಿರುದ್ಧ! ಅತಿ ಹೆಚ್ಚು ಅಲುಗುವ ಜಾಗದಲ್ಲೇ ಗುಪ್ಪೆಯಾಗುತ್ತದೆ. ಕಂಪಿಸುವ ಮೇಲ್ಮೈ ತನ್ನ ಮೇಲಿನ ಗಾಳಿಯಲ್ಲಿ ಸಣ್ಣ ಸುಳಿಗಳನ್ನು ಎಬ್ಬಿಸುತ್ತದೆ, ಹಗುರವಾದ ಪುಡಿ ಆ ಗಾಳಿಗೆ ಸಿಕ್ಕಿ ಅತ್ತ ಸಾಗುತ್ತದೆ ಎಂದು 1831ರಲ್ಲಿ ವಿವರಿಸಿದವನು ಮೈಕೆಲ್ ಫ್ಯಾರಡೆ. ಒಂದೇ ಬಲೂನು, ಎರಡು ಪುಡಿ, ಎರಡು ಉತ್ತರ.

ಕಲ್ಲಿನ ಸದ್ದಿಗೆ ಬಂದರೆ ಈ ನಾಡಿಗೆ ಸಮನಿಲ್ಲ. ರಾಮನಗರದ ಕಡೆಯಿಂದ ಹೊರಟು ಮಧುಗಿರಿ, ಪಾವಗಡ ದಾಟಿ ಉತ್ತರಕ್ಕೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಳ್ಳಾರಿ ಹತ್ತಿರದ ಕಪ್ಪಗಲ್ಲಿನಲ್ಲಿ ಬೇರೆ ಜಾತಿಯ, ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನವಶಿಲಾಯುಗದವರು ಬಡಿದು ಬಡಿದು ಮಾಡಿದ ಗುಳಿಗಳಿವೆ. ಆ ಗುಳಿಗಳಿಗೆ ಗುಂಡುಕಲ್ಲಿನಿಂದ ಬಡಿದರೆ ಗಂಟೆಯ ನಾದ ಬರುತ್ತದೆ ಎಂಬುದನ್ನು ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ಹಂಪಿ ವಿಠ್ಠಲ ದೇವಾಲಯದ ಸಂಗೀತ ಕಂಬಗಳು ಟೊಳ್ಳು ಎಂದು ಹೇಳುವ ಗೈಡುಗಳು ಈಗಲೂ ಇದ್ದಾರೆ. ಕಲ್ಪಾಕಂನ ಅಣು ಸಂಶೋಧನಾ ಕೇಂದ್ರದವರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಪ್ರಕಾರ ಅವು ಗಟ್ಟಿ ಕಂಬಗಳೇ. ಬಾಗಿ ಬಳುಕುವ ಕಂಪನದಿಂದ ನಾದ ಹುಟ್ಟುತ್ತದೆ. ಆ ಕಂಬಗಳನ್ನು ಈಗ ತಟ್ಟುವಂತಿಲ್ಲ. ಸರಿಯಾದ ನಿರ್ಬಂಧವೇ. ಶತಮಾನಗಳ ಕೈಗಳು ಸಾಕಷ್ಟು ಸವೆಸಿವೆ. ಕಲ್ಲನ್ನು ಬಾರಿಸಿಯೇ ತೀರಬೇಕೆಂದರೆ ಬೆಂಗಳೂರು ಜೆ.ಪಿ. ನಗರದಲ್ಲಿ 2019ರಲ್ಲಿ ಬಾಗಿಲು ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಮ್ಮಿನ ನಾದದ ತೋಟಕ್ಕೆ ಹೋಗಬಹುದು. ಆರೋವಿಲ್‌ನ ‘ಸ್ವರಂ’ ಸಂಸ್ಥೆ ಮಾಡಿಕೊಟ್ಟ ವಾದ್ಯಗಳನ್ನು ಅಲ್ಲಿ ಬಯಲಲ್ಲೇ ಇಟ್ಟಿದ್ದಾರೆ.

ಹೋಗಲಾಗದವರು ಕಲ್ಲುಕುಟಿಗರ ಬಳಿ ಒಂದು ಉದ್ದನೆಯ ಕಲ್ಲುಕಡ್ಡಿ ಕೇಳಿ ತರಬಹುದು. ಬೇಲಿಗೆ ನೆಡುವ, ಐದಡಿಯ, ಬಿರುಕಿಲ್ಲದ ಕಲ್ಲು. ಬಿರುಕಿದೆಯೇ ಎಂದು ಅವರೇ ಸುತ್ತಿಗೆಯಿಂದ ತಟ್ಟಿ ಕೇಳಿ ಕೊಡುತ್ತಾರೆ. ನೆಲದ ಮೇಲೆ ಮಲಗಿಸಿ ಬಡಿದರೆ ‘ಠಕ್’ ಎಂದು ಸಾಯುತ್ತದೆ, ಕಂಪನವೆಲ್ಲ ಮಣ್ಣಿಗೆ ಇಳಿದುಹೋಗುತ್ತದೆ. ಎರಡು ತುದಿಗೆ ಹಗ್ಗದ ಸಿಂಬೆ ಕೊಟ್ಟರೂ ಅಷ್ಟಕ್ಕಷ್ಟೆ. ಸಿಂಬೆಗಳನ್ನು ತುದಿಯಿಂದ ಒಳಕ್ಕೆ, ಉದ್ದದ ನೂರಕ್ಕೆ 22ರಷ್ಟು, ಎಂದರೆ ಐದಡಿ ಕಲ್ಲಿಗೆ ಒಂದಡಿ ಒಂದು ಇಂಚಿನಷ್ಟು ಸರಿಸಿ ನಡುವಿಗೆ ಬಡಿಯಿರಿ. ಕಲ್ಲು ಹಾಡುತ್ತದೆ. ಬಾಗಿ ಕಂಪಿಸುವ ಕಡ್ಡಿಯಲ್ಲಿ ಅಲುಗದ ಎರಡು ಬಿಂದುಗಳು ಇರುವುದು ಅಲ್ಲೇ. ಸಿಂಬೆ ಅಲ್ಲಿದ್ದರೆ ಕಂಪನವನ್ನು ಕದಿಯುವುದಿಲ್ಲ.

ಇನ್ನು ಪ್ರತಿಧ್ವನಿ. ಮಧುಗಿರಿಯವರು ಏಷ್ಯಾದ ಎರಡನೇ ದೊಡ್ಡ ಏಕಶಿಲೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಬೆಟ್ಟ ಅವರ ಎದುರಿಗೇ ಇದೆ. ಅಂಥ ಕಡಿದಾದ ಬಂಡೆಯ ಮುಂದಿನ ಬಯಲು, ಅದಿಲ್ಲವಾದರೆ ದೊಡ್ಡ ಕಟ್ಟಡದ ಗೋಡೆಯ ಮುಂದಿನ ಮೈದಾನ ಸಿಕ್ಕರೆ ಶಬ್ದದ ವೇಗವನ್ನು ಚಪ್ಪಾಳೆಯಿಂದಲೇ ಅಳೆಯಬಹುದು. ಗೋಡೆಯಿಂದ 85 ಮೀಟರ್ ಅಳೆದು ನಿಲ್ಲಿ. ಒಂದು ಚಪ್ಪಾಳೆಯ ಪ್ರತಿಧ್ವನಿಯನ್ನು ವಾಚಿನಲ್ಲಿ ಹಿಡಿಯಲು ಹೋಗಬೇಡಿ, ಅರ್ಧ ಸೆಕೆಂಡು ಬೆರಳಿಗೆ ಸಿಗುವುದಿಲ್ಲ. ಒಂದೇ ಲಯದಲ್ಲಿ ತಟ್ಟುತ್ತಾ, ಪ್ರತಿಧ್ವನಿ ಎರಡು ಚಪ್ಪಾಳೆಗಳ ನಟ್ಟನಡುವೆ ಬೀಳುವವರೆಗೆ ಲಯವನ್ನು ಹೊಂದಿಸಿ. ತಾಳ ಗೊತ್ತಿರುವ ಮಕ್ಕಳಿಗೆ ಇದು ಸುಲಭ. ಗೋಡೆಯೇ ಅರ್ಧ ತಾಳ ಹಾಕುತ್ತದೆ. ಆಮೇಲೆ ಇನ್ನೊಬ್ಬರು 20 ಚಪ್ಪಾಳೆಗಳ ಕಾಲವನ್ನು ಅಳೆಯಲಿ, ಮೊದಲನೆಯದನ್ನು ‘ಒಂದು’ ಎನ್ನದೆ ‘ಸೊನ್ನೆ’ ಎಂದು ಎಣಿಸಲಿ. ಎರಡು ಚಪ್ಪಾಳೆಗಳ ನಡುವಿನ ಕಾಲದಲ್ಲಿ ಸದ್ದು 170 ಮೀಟರನ್ನು ಎರಡು ಸಲ ಓಡಬಲ್ಲದು. 20 ಅಂತರಗಳಿಗೆ 6,800 ಮೀಟರ್. ಅದು 20 ಸೆಕೆಂಡು ಹಿಡಿದರೆ ವೇಗ 340.

ನ್ಯೂಟನ್ ಕೂಡ ಇಂಥದ್ದನ್ನೇ ಮಾಡಿದ್ದ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಕಂಬಸಾಲಿನ ಮೊಗಸಾಲೆಯಲ್ಲಿ ಪ್ರತಿಧ್ವನಿಯನ್ನು ಲೋಲಕದ ತೂಗಾಟಕ್ಕೆ ಹೊಂದಿಸಿ ಅಳೆದ. ಅವನ ಸಿದ್ಧಾಂತದಿಂದ ಬಂದ ವೇಗ ಸುಮಾರು 298 ಮೀಟರ್, ನಿಜಕ್ಕಿಂತ ಬಹಳ ಕಡಿಮೆ. ಸದ್ದಿನ ಅಲೆಯಲ್ಲಿ ಒತ್ತಿದ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಸೋರಿಹೋಗಲು ಪುರುಸೊತ್ತು ಸಿಗುವುದಿಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಸರಿಪಡಿಸಿದ ಲೆಕ್ಕವನ್ನು ಲಾಪ್ಲಾಸ್ ಪ್ರಕಟಿಸಿದ್ದು 1816ರಲ್ಲಿ.

ಚಪ್ಪಾಳೆ ಪ್ರಯೋಗವನ್ನು ಒಂದೇ ದಿನ ಮಾಡಿ ಬಿಡಬಾರದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. 15 ಡಿಗ್ರಿಯ ಡಿಸೆಂಬರ್ ಮುಂಜಾನೆ 340 ಇದ್ದದ್ದು ಪಾವಗಡದ 40 ಡಿಗ್ರಿಯ ಏಪ್ರಿಲ್ ಮಧ್ಯಾಹ್ನ 355 ಆಗಿರುತ್ತದೆ. ಅದೇ ಮೈದಾನ, ಅದೇ ಗೋಡೆ, ಅದೇ 20 ಚಪ್ಪಾಳೆ, ಆದರೆ 20 ಸೆಕೆಂಡಿನ ಜಾಗದಲ್ಲಿ 19.2. ಫೋನಿನ ಸ್ಟಾಪ್‌ವಾಚು ಹಿಡಿಯಬಲ್ಲ ವ್ಯತ್ಯಾಸ ಇದು.

ಇದೇ ಕಾರಣದ ಇನ್ನೊಂದು ಪರಿಣಾಮವನ್ನು ಯಾವ ಮ್ಯೂಸಿಯಮ್ಮೂ ತನ್ನ ಹಾಲಿನಲ್ಲಿ ಇಡಲಾರದು, ಅದಕ್ಕೆ ಮೈಲಿಗಟ್ಟಲೆ ಗಾಳಿ ಬೇಕು. ಪಕ್ಕದೂರಿನಲ್ಲಿ ‘ಕುರುಕ್ಷೇತ್ರ’ ನಾಟಕ ಇದ್ದ ರಾತ್ರಿ ಭೀಮನ ಕಂದಪದ್ಯ ನಮ್ಮೂರ ಜಗಲಿಗೆ ಹಾರ್ಮೋನಿಯಂ ಸಮೇತ ಕೇಳುತ್ತದೆ. ಅದೇ ಮೈಕಿನಲ್ಲಿ ಮಧ್ಯಾಹ್ನ ಅನೌನ್ಸ್ ಮಾಡಿದ್ದು ಕೇಳಿರುವುದಿಲ್ಲ. ರಾತ್ರಿ ಗದ್ದಲ ಕಡಿಮೆ ಎಂಬುದು ಅರ್ಧ ಉತ್ತರ. ಹಗಲು ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಕೆಳಗಿನ ಅಲೆ ಬೇಗ ಓಡಿ, ಸದ್ದು ಒಟ್ಟಾರೆ ಮೇಲಕ್ಕೆ ಬಾಗಿ ತಲೆಯ ಮೇಲೆ ಹಾರಿಹೋಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿದು ಲೆಕ್ಕ ತಿರುಗುಮುರುಗಾಗುತ್ತದೆ, ಸದ್ದು ಕೆಳಕ್ಕೆ ಬಾಗಿ ದೂರದೂರಿನ ಮೇಲೆ ಬಂದಿಳಿಯುತ್ತದೆ. ಅಳೆಯಬೇಕೆಂದರೆ ಮೈಕಿನಿಂದ ಒಂದು ಕಿಲೋಮೀಟರ್ ದೂರದ ಒಂದೇ ಜಾಗದಲ್ಲಿ, ಗಾಳಿ ಬೀಸದ ದಿನ ನೋಡಿಕೊಂಡು, ಮಧ್ಯಾಹ್ನ ಮೂರಕ್ಕೊಮ್ಮೆ ರಾತ್ರಿ ಹತ್ತಕ್ಕೊಮ್ಮೆ ಫೋನಿನ ಡೆಸಿಬೆಲ್ ಆ್ಯಪ್ ಇಟ್ಟು ಬರೆದುಕೊಳ್ಳಬೇಕು. ಆ್ಯಪಿನ ಅಂಕಿ ನಿಖರವಲ್ಲ. ಆದರೆ ಫೋನು ಒಂದೇ ಆಗಿದ್ದು, ಮೈಕಿನ ವಾಲ್ಯೂಮ್ ಮುಟ್ಟದೆ, ಅದೇ ರೆಕಾರ್ಡಿಂಗ್ ಹಾಕಿದರೆ ಎರಡು ಅಂಕಿಗಳ ನಡುವಿನ ಅಂತರವನ್ನು ನಂಬಬಹುದು.